ಗೋಡೆ ಒಡೆದರೆ ಮಾತು ಹೆಚ್ಚುತ್ತಾ?

ಪ್ರಶ್ನೆ: ನಮ್ಮ ಟೀಮಿನಲ್ಲಿ ಯಾರೂ ಯಾರ ಜೊತೆಗೂ ಸರಿಯಾಗಿ ಮಾತಾಡುವುದಿಲ್ಲ. ಕ್ಯಾಬಿನ್ ತೆಗೆಸಿ ಓಪನ್ ಆಫೀಸ್ ಮಾಡಿದರೆ ಸರಿಹೋಗುತ್ತಾ?

ಇಲ್ಲ. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ, ಆದರೂ ಪ್ರಶ್ನೆ ಬರುತ್ತಲೇ ಇದೆ. ಈ ಸಲ ಬಿಡಿಸಿ ಹೇಳುತ್ತೇನೆ.

ಗೋಡೆ ಅಡ್ಡ ಇರುವುದಕ್ಕೇ ಮಾತು ನಿಂತಿದೆ ಅನ್ನುವುದು ಬರೀ ನಂಬಿಕೆ. ಇದನ್ನು ಅಳೆದು ನೋಡಿದವರಿದ್ದಾರೆ. ಎರಡು ದೊಡ್ಡ ಕಂಪನಿಗಳು ಓಪನ್ ಆಫೀಸಿಗೆ ಬದಲಾಗುವ ಮೊದಲು ಒಮ್ಮೆ, ಬದಲಾದ ಮೇಲೆ ಒಮ್ಮೆ, ಹಾರ್ವರ್ಡ್‌ನ ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ ಅಲ್ಲಿನ ಕೆಲಸಗಾರರಿಗೆ ಸೆನ್ಸರ್ ಬ್ಯಾಡ್ಜ್ ಹಾಕಿಸಿ, ಯಾರು ಯಾರ ಹತ್ತಿರ ಎಷ್ಟು ಹೊತ್ತು ಮಾತಾಡಿದರು ಅಂತ ಲೆಕ್ಕ ಹಿಡಿದರು. 2018ರಲ್ಲಿ ಫಲಿತಾಂಶ ಬಂತು. ಎದುರುಬದುರು ಮಾತು ಸುಮಾರು ಶೇ. 70ರಷ್ಟು ಇಳಿದಿತ್ತು. ಹೌದು, ಇಳಿದಿತ್ತು! ಈಮೇಲ್ ಏರಿತ್ತು.

ಯಾಕೆ ಅಂತ ನಿಮ್ಮ ಸುತ್ತಲೇ ನೋಡಿ. ಒಬ್ಬಳು ತಲೆ ಎತ್ತುತ್ತಾಳೆ, ಮೂರು ಕುರ್ಚಿ ಆಚೆ ಕೂತವನ ಕಿವಿಯಲ್ಲಿ ಹೆಡ್‌ಫೋನ್ ಕಾಣುತ್ತದೆ, ಸುಮ್ನೆ ಮತ್ತೆ ಬಗ್ಗಿ 'ಫ್ರೀ ಇದ್ದೀರಾ?' ಅಂತ ಟೈಪ್ ಮಾಡುತ್ತಾಳೆ. ಅವಳ ಅನುಮಾನ ಚಿಕ್ಕದು. ಆದರೆ ಬಾಯಿಬಿಟ್ಟು ಕೇಳಿದರೆ ಇಪ್ಪತ್ತು ಜನರ ಕಿವಿಗೆ ಬೀಳುತ್ತದೆ. ಹೊಸಬರಿಗಂತೂ ಇದು ದೊಡ್ಡ ಹಿಂಸೆ. ಬಾಗಿಲು ಮುಚ್ಚಿದ ಕೋಣೆಯಲ್ಲಾದರೆ 'ನನಗಿದು ಅರ್ಥವಾಗಿಲ್ಲ' ಅಂತ ಧೈರ್ಯವಾಗಿ ಹೇಳಬಹುದು, ಅಲ್ವಾ?

ಆದರೆ ಎಷ್ಟು ದೂರ ಕೂತಿದ್ದಾರೆ ಅನ್ನುವ ವಿಷಯ ಬೇರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಅಲೆನ್ 1970ರ ದಶಕದಲ್ಲೇ ತೋರಿಸಿದ್ದಾರೆ: ಎಂಜಿನಿಯರುಗಳ ಮೇಜುಗಳ ನಡುವೆ 50 ಮೀಟರ್ ದಾಟಿತೆಂದರೆ ಮಾತುಕತೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಹಾಗಾಗಿ ಒಟ್ಟಿಗೆ ಕೆಲಸ ಮಾಡುವವರನ್ನು ಹತ್ತಿರ ಕೂರಿಸಿ. ಬಾಗಿಲಿರುವ ಒಂದೆರಡು ಸಣ್ಣ ಕೋಣೆ ಉಳಿಸಿಕೊಳ್ಳಿ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಗೋಡೆ ತೆಗೆದ ಮೇಲೆ ಮ್ಯಾನೇಜರ್ ಕುರ್ಚಿ ಎಲ್ಲಿಗೆ ಹೋಗುತ್ತದೆ? ಹೆಚ್ಚಿನ ಆಫೀಸುಗಳಲ್ಲಿ ಸಾಲಿನ ಹಿಂದಕ್ಕೆ, ಎಲ್ಲರ ಸ್ಕ್ರೀನ್ ಕಾಣುವ ಹಾಗೆ. ದಯವಿಟ್ಟು ಬೇಡ. ಇದೇ ಬರ್ನ್‌ಸ್ಟೀನ್ ಚೀನಾದ ಒಂದು ಮೊಬೈಲ್ ಕಾರ್ಖಾನೆಯಲ್ಲಿ ಫೋನ್ ಜೋಡಿಸುವ ಕೆಲವು ಸಾಲುಗಳ ಸುತ್ತ ಪರದೆ ಕಟ್ಟಿಸಿದ್ದರು, 2012ರಲ್ಲಿ ಅದರ ಬಗ್ಗೆ ಬರೆದರು. ಪರದೆಯೊಳಗಿನ ಸಾಲುಗಳ ಉತ್ಪಾದನೆ ಶೇ. 10ರಿಂದ 15ರಷ್ಟು ಏರಿತ್ತು. ಕೆಲಸ ಬೇಗ ಮುಗಿಸುವ ಉಪಾಯಗಳು ಅಲ್ಲಿನ ಕೆಲಸಗಾರರಿಗೆ ಮೊದಲೇ ಗೊತ್ತಿದ್ದವು. ಮೇಲಿನವರು ನೋಡುತ್ತಿದ್ದಾಗ ಅವನ್ನು ಮುಚ್ಚಿಟ್ಟುಕೊಂಡು, ಹೇಳಿಕೊಟ್ಟ ಹಾಗೆಯೇ ಮಾಡುತ್ತಿದ್ದರು.