ಪದ ಪರಿಚಯ: ತಂತ್ರಾಂಶ

ಕಂಪ್ಯೂಟರಿನ ಪೆಟ್ಟಿಗೆ, ಪರದೆ, ಕೀಲಿಮಣೆ ಎಲ್ಲ ಯಂತ್ರಾಂಶ. ಅವು ಏನು ಮಾಡಬೇಕೆಂದು ಹೇಳುವ ಸೂಚನೆಗಳೆಲ್ಲ ಸೇರಿ ತಂತ್ರಾಂಶ, ಅಂದರೆ ಸಾಫ್ಟ್‌ವೇರ್. ಸಾಫ್ಟ್‌ವೇರ್ ಎಂಬ ಮಾತನ್ನು ಈ ಅರ್ಥದಲ್ಲಿ ಅಚ್ಚಿನಲ್ಲಿ ಬಳಸಿದ ಮೊದಲಿಗರಲ್ಲಿ ಅಮೆರಿಕದ ಗಣಿತಜ್ಞ ಜಾನ್ ಟ್ಯೂಕಿ ಒಬ್ಬರು, 1958ರಲ್ಲಿ. ಸಂಸ್ಕೃತದ 'ತಂತ್ರ'ಕ್ಕೆ ಮಗ್ಗ, ಹಾಸು ಎಂಬ ಅರ್ಥಗಳೂ ಇವೆ. ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯವನಾದ ನನಗೆ ಈ ನಂಟು ಬಲು ಇಷ್ಟ.

ಗಿರಣಿಯ ಕದಿರು ತಿರುಗಿ ತಿರುಗಿ ಸವೆಯುತ್ತದೆ, ಎಣ್ಣೆ ಬೇಡುತ್ತದೆ. ತಂತ್ರಾಂಶ ಲಕ್ಷ ಸಲ ಓಡಿದರೂ ಒಂದಕ್ಷರ ಸವೆಯದು. ಆದರೂ ಹಳತಾಗುತ್ತದೆ, ಸುತ್ತಲ ಲೋಕ ಬದಲಾಗುವುದರಿಂದ.

ಚೌಕಿಪೇಟೆಯ ಒಂದು ರೆಡಿಮೇಡ್ ಅಂಗಡಿಗೆ ನಾನು ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಸಾವಿರ ರೂಪಾಯಿವರೆಗಿನ ಉಡುಪಿಗೆ ಶೇ 5 ಜಿಎಸ್‌ಟಿ, ಮೇಲ್ಪಟ್ಟರೆ ಶೇ 12. 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ, ಈ ಗಡಿ 2,500 ರೂಪಾಯಿಗೆ ಏರಿತು. ಅದಕ್ಕೆ ಮೇಲ್ಪಟ್ಟರೆ ಶೇ 18. ಪ್ರೋಗ್ರಾಂನಲ್ಲಿ ಏನೂ ಕೆಟ್ಟಿರಲಿಲ್ಲ, ಬೆಳಗಾಗುವಷ್ಟರಲ್ಲಿ ಬಿಲ್ ಮಾತ್ರ ತಪ್ಪಾಗಿತ್ತು.

"ಎರಡು ನಂಬರ್ ತಿದ್ದಾದು ತಾನೇ ತಮ್ಮಾ? ಐದು ನಿಮಿಷದ ಕೆಲ್ಸ ಐತಿ" ಅಂದರು ಸಾವ್ಕಾರ್ರು. ನಂಬರ್ ತಿದ್ದುವುದಕ್ಕೆ ಐದೇ ನಿಮಿಷ ಹಿಡಿದದ್ದು ನಿಜ. ಆದರೆ 2,800 ರೂಪಾಯಿಯ ಅಂಗಿಗೆ ಶೇ 15 ಡಿಸ್ಕೌಂಟ್ ಕೊಟ್ಟರೆ ಬೆಲೆ 2,380ಕ್ಕೆ ಇಳಿಯುತ್ತದೆ. ತೆರಿಗೆಯ ದರ ನೋಡಬೇಕಾದದ್ದು ಆ ಇಳಿದ ಬೆಲೆಗೆ. ನನ್ನ ಪ್ರೋಗ್ರಾಂ ಮೊದಲು ದರ ಆರಿಸಿ ಆಮೇಲೆ ಡಿಸ್ಕೌಂಟ್ ಕಳೆಯುತ್ತಿತ್ತು. ಈ ತಪ್ಪು ಮೊದಲಿಂದಲೂ ಒಳಗೇ ಇತ್ತು. ಸಾವಿರದ ಆಸುಪಾಸಿನ ಮಾಲಿಗೆ ಆ ಅಂಗಡಿಯಲ್ಲಿ ಡಿಸ್ಕೌಂಟ್ ಇಲ್ಲದ್ದರಿಂದ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ. ಇನ್ನು 20ನೇ ತಾರೀಕು ಶೇ 12 ಕೊಟ್ಟು ಒಯ್ದ ಚೂಡಿದಾರ್ 25ಕ್ಕೆ ವಾಪಸ್ ಬಂದರೆ? ಹಳೆಯ ದರದಲ್ಲೇ ಹಿಂತಿರುಗಿಸಬೇಕು. ಹಾಗಾಗಿ ಹಳೆಯ ನಂಬರ್ ಅಳಿಸುವಂತಿಲ್ಲ. ಯಾವ ತಾರೀಕಿಗೆ ಯಾವ ದರ ಎಂದು ಎರಡನ್ನೂ ಇಟ್ಟುಕೊಳ್ಳಬೇಕು. ಐದು ನಿಮಿಷದ ಕೆಲಸ ಮೂರು ರಾತ್ರಿ ತಿಂದಿತು.

ತಂತ್ರಾಂಶ ಕಟ್ಟುವ ಕ್ರಮಗಳ ಚರ್ಚೆಗೂ ಈ ಸ್ವಭಾವವೇ ಮೂಲ. ಬೇಕಾದ್ದನ್ನೆಲ್ಲ ಮೊದಲೇ ಕೇಳಿ, ವಿನ್ಯಾಸ ಮಾಡಿ, ಬರೆದು, ಪರೀಕ್ಷಿಸಿ ಒಪ್ಪಿಸುವ ಕ್ರಮಕ್ಕೆ ಜಲಪಾತ ಮಾದರಿ ಎನ್ನುತ್ತಾರೆ. 1970ರಲ್ಲಿ ಈ ಹಂತಗಳ ಚಿತ್ರ ಕೊಟ್ಟ ವಿನ್‌ಸ್ಟನ್ ರಾಯ್ಸ್ ಅವರೇ, ಪರೀಕ್ಷೆಯನ್ನು ಕೊನೆಗೆ ಬಿಟ್ಟರೆ ಅಪಾಯ ಎಂದು ಎಚ್ಚರಿಸಿದ್ದರು. 2001ರಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿದ 17 ಮಂದಿ 'ಅಜೈಲ್' ಎಂಬ ಹೆಸರಿನಡಿ ಬೇರೆ ದಾರಿ ಹೇಳಿದರು: ಸ್ವಲ್ಪ ಕಟ್ಟು, ಬಳಸುವವರಿಗೆ ತೋರಿಸು, ತಿದ್ದು, ಮತ್ತೆ ಕಟ್ಟು. ಸಣ್ಣ ಅಂಗಡಿಗಳಿಗೆ ಎರಡನೆಯದೇ ಸರಿ ಎಂಬುದು ನನ್ನ ಅಭಿಪ್ರಾಯ. ತೆರಿಗೆಯ ಲೆಕ್ಕವನ್ನು ಮಾತ್ರ ಸಾವ್ಕಾರರ ಜೊತೆ ಕೂತು ಮೊದಲೇ ಕಾಗದದ ಮೇಲೆ ಬರೆದು ನೋಡಲೇಬೇಕು.

ಈಗ ಹೊಸ ಅಂಗಡಿಯ ಕೆಲಸ ಹಿಡಿದರೆ ಮೊದಲ ದಿನ ಗಲ್ಲಾ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂರುತ್ತೇನೆ. ಯಾವ ಬಿಲ್ ಹರಿದು ಮತ್ತೆ ಬರೆದರು, ಯಾವ ಗಿರಾಕಿ ಮಾಲು ವಾಪಸ್ ತಂದರು ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಕೋಡ್ ಬರೆಯುವುದು ಅದಾದ ಮೇಲೆ.