ಮುದಿ ನಾಯಿಯ ಕೀಲುಬಿಗಿತ: ನೋವಿನ ಸುತ್ತನ್ನು ಎಲ್ಲೆಲ್ಲಿ ಮುರಿಯಬಹುದು

ವಯಸ್ಸಾದ ನಾಯಿಗಳ ಆರೈಕೆಯನ್ನು ಅಭ್ಯಾಸ ಮಾಡುತ್ತಿರುವ ಸಹಪಾಠಿಗಳಿಗಾಗಿ ಈ ಟಿಪ್ಪಣಿಯನ್ನು ಸಿದ್ಧಪಡಿಸಿದ್ದೇನೆ. ಮಲಗಿದ್ದ ನಾಯಿ ಮುಂಗಾಲು ಊರಿ, ಹಿಂಭಾಗವನ್ನು ಕಷ್ಟಪಟ್ಟು ಎತ್ತಿ, ಮೊದಲ ಕೆಲವು ಹೆಜ್ಜೆಗಳನ್ನು ಬಿಗಿಯಾಗಿ ಇಟ್ಟು, ಅಂಗಳ ತಲುಪುವಷ್ಟರಲ್ಲಿ ಸಡಿಲಗೊಳ್ಳುವುದನ್ನು ಕಂಡ ಮನೆಯವರು ‘ವಯಸ್ಸಾಯಿತಲ್ಲ, ಇನ್ನೇನು ಮಾಡುವುದು’ ಎಂದು ಸುಮ್ಮನಾಗುವುದೇ ಹೆಚ್ಚು. ಆ ಒಂದು ಮಾತಿನಿಂದ ಎಷ್ಟೋ ನಾಯಿಗಳು ವರ್ಷಗಟ್ಟಲೆ ನೋವಿನಲ್ಲೇ ಉಳಿದುಬಿಡುತ್ತವೆ. ಹೀಗೆ ಕಾಣುವ ಬಿಗಿತಕ್ಕೆ ಬಹುಪಾಲು ಕಾರಣ ಆಸ್ಟಿಯೋಆರ್ಥ್ರೈಟಿಸ್, ಅಂದರೆ ಕೀಲು ಸವೆತದ ಸಂಧಿವಾತ. ಇದನ್ನು ವಾಸಿಮಾಡಲು ಆಗದಿದ್ದರೂ ಇದರ ನೋವನ್ನು ಗಣನೀಯವಾಗಿ ತಗ್ಗಿಸಲು ಸಾಧ್ಯವಿದೆ.

ಮೊದಲು ಕೀಲಿನೊಳಗೆ ಏನಾಗುತ್ತದೆ ಎಂಬುದನ್ನು ತಿಳಿಯೋಣ. ಎರಡು ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಅದರಲ್ಲಿ ರಕ್ತನಾಳಗಳೂ ಇಲ್ಲ, ನರಗಳೂ ಇಲ್ಲ. ರಕ್ತನಾಳ ಇಲ್ಲದ್ದರಿಂದ ಸವೆದ ಮೃದ್ವಸ್ಥಿ ಸರಿಯಾಗಿ ಮರಳಿ ಬೆಳೆಯುವುದಿಲ್ಲ. ನರ ಇಲ್ಲದ್ದರಿಂದ ಸವೆತದ ಮೊದಲ ಹಂತದಲ್ಲಿ ನಾಯಿಗೆ ನೋವೇ ತಿಳಿಯದಿರಬಹುದು. ಸವೆತದ ಚೂರುಗಳೂ ರಾಸಾಯನಿಕಗಳೂ ಕೀಲಿನ ಒಳಪೊರೆಯನ್ನು ಕೆರಳಿಸಿ ಉರಿಯೂತ ಹುಟ್ಟಿಸಿದಾಗ, ಕೀಲುದ್ರವ ತನ್ನ ಜಿಗುಟನ್ನು ಕಳೆದುಕೊಂಡು ತೆಳುವಾದಾಗ, ಕೀಲಿನ ಸುತ್ತಲಿನ ಚೀಲ ದಪ್ಪಗಾಗಿ ಅಂಚಿನಲ್ಲಿ ಹೊಸ ಮೂಳೆಮುಳ್ಳುಗಳು ಎದ್ದಾಗ ನೋವೂ ಬಿಗಿತವೂ ಕಾಣಿಸಿಕೊಳ್ಳುತ್ತವೆ. ನೋವಿರುವ ಕಾಲನ್ನು ನಾಯಿ ಕಡಿಮೆ ಬಳಸುತ್ತದೆ, ಬಳಸದ ಕಾಲಿನ ಸ್ನಾಯು ಕರಗುತ್ತದೆ, ಸ್ನಾಯುವಿನ ಆಸರೆ ತಪ್ಪಿದ ಕೀಲು ಇನ್ನಷ್ಟು ಅಲುಗಾಡುತ್ತದೆ, ಅಲುಗಾಡಿದ ಕೀಲು ಮತ್ತಷ್ಟು ನೋಯುತ್ತದೆ. ಇದರ ನಡುವೆ ಓಡಾಟ ತಗ್ಗಿ ತೂಕವೂ ಏರುತ್ತದೆ. ಮುಂದೆ ಹೇಳುವ ಪ್ರತಿಯೊಂದು ಉಪಾಯವನ್ನೂ ‘ಇದು ಈ ಸುತ್ತನ್ನು ಎಲ್ಲಿ ಮುರಿಯುತ್ತದೆ’ ಎಂಬ ಪ್ರಶ್ನೆಯಿಂದಲೇ ಅಳೆಯಬೇಕೆಂಬುದು ನನ್ನ ಅಭಿಪ್ರಾಯ.

ಮನುಷ್ಯರಿಗೂ ನಾಯಿಗಳಿಗೂ ಇರುವ ಒಂದು ವ್ಯತ್ಯಾಸವನ್ನು ನೆನಪಿಡಬೇಕು. ನಾಯಿಗಳಲ್ಲಿ ಈ ಸವೆತ ಮುಪ್ಪಿನಿಂದಲೇ ಹುಟ್ಟುವುದು ಅಪರೂಪ. ಮರಿಯಾಗಿದ್ದಾಗಲೇ ಕೀಲು ಸರಿಯಾಗಿ ರೂಪುಗೊಳ್ಳದಿರುವುದು ಅಥವಾ ನಡುವಯಸ್ಸಿನಲ್ಲಿ ಆದ ಗಾಯ ಇದರ ಮೂಲವಾಗಿರುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ರಾಟ್‌ವೈಲರ್ ತಳಿಗಳಲ್ಲಿ ಸೊಂಟದ ಕೀಲು ಮತ್ತು ಮೊಣಕೈ ಕೀಲಿನ ರಚನಾದೋಷವಾದ ಡಿಸ್‌ಪ್ಲಾಸಿಯಾ, ಪೊಮೆರೇನಿಯನ್‌ನಂಥ ಚಿಕ್ಕ ತಳಿಗಳಲ್ಲಿ ಮಂಡಿಚಿಪ್ಪು ಜಾರುವುದು, ಯಾವ ತಳಿಯಲ್ಲಾದರೂ ಮಂಡಿಯೊಳಗಿನ ಕ್ರೂಸಿಯೇಟ್ ಅಸ್ಥಿರಜ್ಜು ಹರಿಯುವುದು ಇದಕ್ಕೆ ಉದಾಹರಣೆಗಳು.

ಗುರುತಿಸುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಳೆಯ ನೋವಿಗೆ ನಾಯಿ ಕುಂಯ್‌ಗುಡುವುದಿಲ್ಲ. ನೋವನ್ನು ತನ್ನ ನಡವಳಿಕೆಯೊಳಗೆ ಬಚ್ಚಿಡುತ್ತದೆ. ಕಾರಿಗೆ ಹತ್ತಲು ಹಿಂಜರಿಯುವುದು, ಮೆಟ್ಟಿಲಿನ ಬುಡದಲ್ಲಿ ನಿಂತು ಯೋಚಿಸುವುದು, ಮೈ ಸವರಿದಾಗ ಮೊದಲು ಸುಮ್ಮನಿರುತ್ತಿದ್ದುದು ಈಗ ಗುರ್ರೆನ್ನುವುದು, ಮುಂಗೈ ಕೀಲನ್ನು ಒಂದೇ ಸಮ ನೆಕ್ಕಿ ಅಲ್ಲಿನ ಕೂದಲು ಕೆಂಚಗಾಗುವುದು, ಇವೆಲ್ಲ ಸೂಚನೆಗಳು. ನಾಯಿಯನ್ನು ನಿಲ್ಲಿಸಿ ಹಿಂದಿನಿಂದ ಎರಡೂ ತೊಡೆಗಳನ್ನು ಒಟ್ಟಿಗೆ ಅಂಗೈಯಲ್ಲಿ ಹಿಡಿದು ನೋಡಿ. ನೋವಿರುವ ಕಡೆಯ ತೊಡೆ ತೆಳ್ಳಗಾಗಿರುವುದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಉಗುರುಗಳನ್ನೂ ನೋಡಿ: ಕಾಲು ಎತ್ತಿ ಇಡದೆ ಎಳೆಯುವ ನಾಯಿಯ ನಡುಬೆರಳುಗಳ ಉಗುರು ಮುಂಭಾಗದಲ್ಲಿ ಸವೆದು ಚಪ್ಪಟೆಯಾಗಿರುತ್ತದೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗುವಾಗ ತಲೆ ಮೇಲೇಳುತ್ತದೆ, ಆರೋಗ್ಯದ ಕಾಲು ಊರಿದಾಗ ತಗ್ಗುತ್ತದೆ. ಆಸ್ಪತ್ರೆಯ ಗಾಬರಿಯಲ್ಲಿ ಕುಂಟುವ ನಾಯಿಯೂ ನೆಟ್ಟಗೆ ನಡೆದುಬಿಡುವುದುಂಟು. ಆದ್ದರಿಂದ ಮನೆಯಲ್ಲಿ ಬೆಳಗಿನ ಹೊತ್ತು ಏಳುವುದನ್ನೂ ನಡೆಯುವುದನ್ನೂ ಮೊಬೈಲಿನಲ್ಲಿ ಚಿತ್ರಿಸಿಕೊಂಡು ವೈದ್ಯರಿಗೆ ತೋರಿಸುವುದು ಬಹಳ ಉಪಯುಕ್ತ. ಎಕ್ಸ್‌ರೇ ಅಗತ್ಯವಾದರೂ ಚಿತ್ರದಲ್ಲಿ ಕಾಣುವ ಸವೆತಕ್ಕೂ ನಾಯಿ ಅನುಭವಿಸುವ ನೋವಿಗೂ ತಾಳೆಯಾಗಲೇಬೇಕೆಂದಿಲ್ಲ.

ಬಿಗಿತವೆಲ್ಲ ಸಂಧಿವಾತವಲ್ಲ ಎಂಬ ಎಚ್ಚರವೂ ಬೇಕು. ನಮ್ಮ ಕಡೆ ಮೊದಲು ನೆನಪಾಗಬೇಕಾದದ್ದು ಉಣ್ಣೆಗಳಿಂದ ಹರಡುವ ಎರ್ಲಿಕಿಯೋಸಿಸ್, ಅಂದರೆ ಜನ ಟಿಕ್ ಫೀವರ್ ಎನ್ನುವ ಕಾಯಿಲೆ. ಇದರಲ್ಲಿ ಜ್ವರ, ಊಟ ಬಿಡುವುದು, ಒಸಡು ಬಿಳಿಚುವುದರ ಜೊತೆಗೆ ಹಲವು ಕೀಲುಗಳು ಒಟ್ಟಿಗೆ ನೋಯಬಹುದು; ರಕ್ತಪರೀಕ್ಷೆಯಿಂದ ಗುರುತಿಸಿದರೆ ಆ್ಯಂಟಿಬಯೊಟಿಕ್ ಆದ ಡಾಕ್ಸಿಸೈಕ್ಲಿನ್‌ನಿಂದ ಗುಣವಾಗುವ ಕಾಯಿಲೆಯನ್ನು ಮುಪ್ಪೆಂದು ಕೈಬಿಡುವುದು ಘೋರ ಅನ್ಯಾಯ. ದೊಡ್ಡ ತಳಿಯ ನಾಯಿಯ ಒಂದೇ ಕಾಲು ದಿನೇ ದಿನೇ ಹೆಚ್ಚು ಕುಂಟುತ್ತಾ ಮೂಳೆಯ ಮೇಲೆ ಗಟ್ಟಿ ಊತ ಎದ್ದರೆ ಮೂಳೆಯ ಕ್ಯಾನ್ಸರ್ ಇದೆಯೇ ಎಂದು ತಡಮಾಡದೆ ನೋಡಿಸಬೇಕು. ನೋವಿನ ಸುಳಿವೇ ಇಲ್ಲದೆ ಹಿಂಗಾಲು ತೂರಾಡಿದರೆ ದೋಷ ಕೀಲಿನಲ್ಲಿರದೆ ಬೆನ್ನುಹುರಿಯಲ್ಲಿರಬಹುದು.

ಈಗ ಶಮನದ ವಿಚಾರ. ಒಂದೇ ಒಂದು ಕೆಲಸ ಮಾಡಲು ಅವಕಾಶವಿದ್ದರೆ ನಾನು ತೂಕ ಇಳಿಸುವುದನ್ನೇ ಆರಿಸುತ್ತೇನೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಗಳಾಗಿದ್ದಾಗಿನಿಂದ ಜೋಡಿಜೋಡಿಯಾಗಿ ಸಾಕಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ. 25ರಷ್ಟು ಕಡಿಮೆ ಆಹಾರ ಕೊಟ್ಟು ಜೀವಮಾನವಿಡೀ ಗಮನಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಹೆಚ್ಚು ತಿಂದ ಗುಂಪಿನ ಮಧ್ಯಕ ಆಯುಷ್ಯ 11.2 ವರ್ಷ, ತೆಳ್ಳಗಿದ್ದ ಗುಂಪಿನದು 13 ವರ್ಷ. ಸಂಧಿವಾತವೂ ತೆಳ್ಳಗಿದ್ದ ನಾಯಿಗಳಲ್ಲಿ ತಡವಾಗಿ ಮತ್ತು ಸೌಮ್ಯವಾಗಿ ಕಾಣಿಸಿಕೊಂಡಿತು. ಈಗಾಗಲೇ ಕುಂಟುತ್ತಿರುವ ಸ್ಥೂಲ ನಾಯಿಗಳಲ್ಲೂ ದೇಹತೂಕದ ಶೇ. 6ರಿಂದ 9ರಷ್ಟು ಇಳಿದಾಗ ನಡಿಗೆ ಸುಧಾರಿಸಿದ್ದನ್ನು ಅಳತೆಗಳು ತೋರಿಸಿವೆ. 36 ಕೆ.ಜಿ. ಇರುವ ಲ್ಯಾಬ್ರಡಾರ್‌ಗೆ ಇದು ಎರಡು ಮೂರು ಕೆ.ಜಿ.ಯಷ್ಟೇ. ಪಕ್ಕೆಯ ಮೇಲೆ ಅಂಗೈ ಆಡಿಸಿದಾಗ ಒತ್ತದೆಯೇ ಪಕ್ಕೆಲುಬುಗಳು ಎಣಿಸಲು ಸಿಗಬೇಕು. ಮೇಲಿನಿಂದ ನೋಡಿದಾಗ ಸೊಂಟ ಕಾಣಬೇಕು. ಮುಧೋಳದಂಥ ಬೇಟೆನಾಯಿಗಳಲ್ಲಿ ಕೊನೆಯ ಪಕ್ಕೆಲುಬುಗಳು ಕಣ್ಣಿಗೇ ಕಾಣುವುದು ಸಹಜವಾದ್ದರಿಂದ ಅವನ್ನು ಬಡಕಲೆಂದು ಭಾವಿಸಿ ಕೊಬ್ಬಿಸಬಾರದು. ನಮ್ಮ ಮನೆಗಳಲ್ಲಿ ತೂಕ ಏರುವುದು ಬಟ್ಟಲಿನ ಊಟಕ್ಕಿಂತ ಹೆಚ್ಚಾಗಿ ಅಜ್ಜಿಯ ಚಹಾದ ಜೊತೆಗಿನ ರಸ್ಕು, ಮಕ್ಕಳ ಬಿಸ್ಕತ್ತು, ರಾತ್ರಿ ಮಿಕ್ಕ ಹಾಲನ್ನಗಳಿಂದ. ಉಪವಾಸ ಕೆಡವಬಾರದು, ಅನ್ನ ತಗ್ಗಿಸಿ, ಮೊಟ್ಟೆ, ಬೇಯಿಸಿದ ಕೋಳಿಮಾಂಸದಂಥ ಸಸಾರಜನಕವನ್ನು ಉಳಿಸಿಕೊಂಡು, ವಾರಕ್ಕೆ ದೇಹತೂಕದ ಶೇ. 1ರಿಂದ 2ರಷ್ಟು ಮಾತ್ರ ಇಳಿಯುವಂತೆ ನೋಡಿಕೊಂಡರೆ ಸ್ನಾಯು ಕರಗುವುದಿಲ್ಲ.

ನೆಲದ ಬಗ್ಗೆ ಯಾರೂ ಯೋಚಿಸುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಹೊಳೆಯುವ ಟೈಲ್ಸ್ ಅಥವಾ ಗ್ರಾನೈಟ್ ಮೇಲೆ ದುರ್ಬಲ ಹಿಂಗಾಲುಗಳು ಅತ್ತಿತ್ತ ಜಾರಿದಾಗಲೆಲ್ಲ ಸೊಂಟದ ಕೀಲು ಹಿಗ್ಗಿ ನೋವು ಕೆರಳುತ್ತದೆ, ಬಿದ್ದ ಹೆದರಿಕೆಯಿಂದ ನಾಯಿ ನಡೆಯುವುದನ್ನೇ ಬಿಡುತ್ತದೆ. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಹೋಗುವ ದಾರಿಯುದ್ದಕ್ಕೂ ರಬ್ಬರ್ ಮ್ಯಾಟ್ ಹಾಸಿದರೆ ಸಾಕು. ಗೋಣಿಚೀಲವನ್ನು ಬರೀ ನೆಲದ ಮೇಲೆ ಹಾಸಿದರೆ ಅದೇ ಜಾರುತ್ತದೆ. ಅಡಿಯಲ್ಲಿ ಹಿಡಿತ ಇರಬೇಕು. ಉದ್ದ ಬೆಳೆದ ಉಗುರನ್ನೂ ಪಾದದ ಅಡಿಯ ಕೂದಲನ್ನೂ ಕತ್ತರಿಸಬೇಕು. ಹಾಸಿಗೆ ದಪ್ಪನೆಯದಾಗಿ, ತಂಗಾಳಿ ಬೀಸದ ಕಡೆ ಇರಲಿ. ಮಳೆಗಾಲದ ತೇವದ ನೆಲದ ಮೇಲೆ ಮಲಗಿಸಬೇಡಿ.

ವ್ಯಾಯಾಮ ನಿಲ್ಲಿಸುವುದು ತಪ್ಪು, ಭಾನುವಾರ ಮಾತ್ರ ಕೆರೆ ಸುತ್ತಿಸುವುದು ಅದಕ್ಕಿಂತ ದೊಡ್ಡ ತಪ್ಪು. ಪ್ರತಿದಿನ ಒಂದೇ ಪ್ರಮಾಣದಲ್ಲಿ, ಹಗ್ಗ ಹಿಡಿದು, ನಿಧಾನವಾಗಿ, ಹತ್ತು ಹದಿನೈದು ನಿಮಿಷದಂತೆ ಮೂರು ನಾಲ್ಕು ಬಾರಿ ಮಣ್ಣಿನ ಅಥವಾ ಹುಲ್ಲಿನ ಮೇಲೆ ನಡೆಸುವುದು ಒಳ್ಳೆಯದು. ನಿಧಾನವಾಗಿ ನಡೆಯುವಾಗ ನಾಯಿ ನಾಲ್ಕೂ ಕಾಲುಗಳನ್ನು ಊರಲೇಬೇಕಾಗುತ್ತದೆ. ಓಡುವಾಗ ನೋಯುವ ಕಾಲನ್ನು ಎತ್ತಿಕೊಂಡೇ ಹೋಗಿಬಿಡಬಲ್ಲದು. ಚೆಂಡು ಎಸೆದು ಹಿಡಿಸುವ ಆಟದಲ್ಲಿ ಹಠಾತ್ ತಿರುವುಗಳಿರುವುದರಿಂದ ಅದನ್ನು ಕೈಬಿಡಬೇಕು. ನಡಿಗೆಗೆ ಮೊದಲು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು, ನಮ್ಮ ಮುಂಗೈಗೆ ಹಿತವೆನಿಸುವಷ್ಟು ಬಿಸಿ ಇರುವಂತೆ ನೋಡಿಕೊಂಡು, ಹತ್ತು ನಿಮಿಷ ಕೀಲಿನ ಮೇಲಿಡಬಹುದು. ಬಳಿಕ ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಒಂದು ಕೈಯಿಂದ ಕೀಲಿನ ಮೇಲ್ಭಾಗಕ್ಕೆ ಆಸರೆ ಕೊಟ್ಟು, ಇನ್ನೊಂದು ಕೈಯಿಂದ ಪಾದ ಹಿಡಿದು, ಕಾಲನ್ನು ನಿಧಾನವಾಗಿ ಮಡಿಸಿ ನಿಧಾನವಾಗಿ ಚಾಚಿಸಬೇಕು. ನಾಯಿ ತಲೆ ತಿರುಗಿಸಿ ನೋಡಿದರೆ ಅಥವಾ ಸ್ನಾಯು ಬಿಗಿಹಿಡಿದರೆ ಅಲ್ಲಿಗೆ ನಿಲ್ಲಿಸಬೇಕು. ಹೊಸದಾಗಿ ಊದಿ ಬಿಸಿಯಾಗಿರುವ ಕೀಲಿಗೆ ಶಾಖ ಕೊಡಬಾರದು, ತಣ್ಣನೆಯ ಪಟ್ಟಿ ಹಾಕಬೇಕು.

ನೋವು ಹೆಚ್ಚಿರುವಾಗ ಔಷಧಿಯಿಲ್ಲದೆ ಮೇಲಿನ ಯಾವ ಉಪಾಯವೂ ನಡೆಯುವುದಿಲ್ಲ, ಏಕೆಂದರೆ ನೋಯುವ ನಾಯಿ ವ್ಯಾಯಾಮಕ್ಕೆ ಒಪ್ಪುವುದೇ ಇಲ್ಲ. ಕಾರ್ಪ್ರೊಫೆನ್, ಮೆಲಾಕ್ಸಿಕಾಂ, ಫಿರೊಕಾಕ್ಸಿಬ್‌ನಂಥ ಉರಿಯೂತ ಶಾಮಕಗಳು ಚಿಕಿತ್ಸೆಯ ಬೆನ್ನೆಲುಬು. ಆದರೆ ಇವನ್ನು ವೈದ್ಯರು ಬರೆದುಕೊಟ್ಟ ಪ್ರಮಾಣದಲ್ಲಿ, ಮೂತ್ರಪಿಂಡ ಮತ್ತು ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿಯೇ ಕೊಡಬೇಕು. ಮೆಡಿಕಲ್ ಸ್ಟೋರಿನಿಂದ ತಂದ ಮನುಷ್ಯರ ಮಾತ್ರೆ ಏಕೆ ಅಪಾಯವೆಂಬುದಕ್ಕೆ ಒಂದು ಲೆಕ್ಕ ನೋಡಿ: ನಾಯಿಗೆ ಮೆಲಾಕ್ಸಿಕಾಂನ ದೈನಂದಿನ ಸಾಮಾನ್ಯ ಪ್ರಮಾಣ ಕೆ.ಜಿ.ಗೆ 0.1 ಮಿ.ಗ್ರಾಂ. ಐದು ಕೆ.ಜಿ.ಯ ಪೊಮೆರೇನಿಯನ್‌ಗೆ ಬೇಕಾದದ್ದು 0.5 ಮಿ.ಗ್ರಾಂ; ಮನುಷ್ಯರ 15 ಮಿ.ಗ್ರಾಂ. ಮಾತ್ರೆಯ ಅರ್ಧ ಚೂರು ಕೊಟ್ಟರೂ ಹದಿನೈದು ಪಟ್ಟು ಹೆಚ್ಚಾಯಿತು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳನ್ನಂತೂ ಕೊಡಲೇಬಾರದು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಮೂತ್ರಪಿಂಡ ಕೆಡುತ್ತದೆ. ಇದೇ ಡೈಕ್ಲೊಫೆನಾಕ್ ಕೊಟ್ಟ ದನಗಳ ಶವ ತಿಂದು ರಣಹದ್ದುಗಳು ಅಳಿದದ್ದರಿಂದ ಭಾರತ 2006ರಲ್ಲಿ ಅದನ್ನು ಪಶುಚಿಕಿತ್ಸೆಯಲ್ಲಿ ನಿಷೇಧಿಸಿತು. ಅದಕ್ಕೆ ಬದಲಿಯಾಗಿ ಹದ್ದುಗಳಿಗೆ ಸುರಕ್ಷಿತವೆಂದು ಕಂಡುಬಂದದ್ದು ಮೆಲಾಕ್ಸಿಕಾಂ. ಉರಿಯೂತ ಶಾಮಕಗಳ ಗುಂಪಿನ ಎರಡು ಔಷಧಿಗಳನ್ನು ಒಟ್ಟಿಗೆ ಕೊಡುವುದಾಗಲಿ, ಸ್ಟಿರಾಯ್ಡ್ ಜೊತೆ ಸೇರಿಸುವುದಾಗಲಿ ಸಲ್ಲದು. ಇವು ಸಾಲದಾದಾಗ ವೈದ್ಯರು ನರಸಂಬಂಧಿ ನೋವಿನ ಔಷಧಿಯಾದ ಗ್ಯಾಬಪೆಂಟಿನ್ ಸೇರಿಸುವುದುಂಟು; ಮನುಷ್ಯರ ಗ್ಯಾಬಪೆಂಟಿನ್ ದ್ರವದಲ್ಲಿ ನಾಯಿಗೆ ವಿಷವಾದ ಝೈಲಿಟಾಲ್ ಎಂಬ ಸಿಹಿಕಾರಕ ಇರಬಹುದಾದ್ದರಿಂದ ಅದನ್ನು ಬಳಸಬಾರದು. ನೋವಿನ ಸಂಕೇತವನ್ನು ಹೆಚ್ಚಿಸುವ ನರಬೆಳವಣಿಗೆಯ ಅಂಶ (ಎನ್‌ಜಿಎಫ್) ಎಂಬ ಪ್ರೋಟೀನನ್ನು ತಡೆಯುವ ಬೆಡಿನ್ವೆಟ್ಮ್ಯಾಬ್ ಎಂಬ ತಿಂಗಳಿಗೊಮ್ಮೆಯ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆತಿದೆ.

ಪೂರಕಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಮೀನೆಣ್ಣೆಯ ಒಮೆಗಾ-3ಕ್ಕೆ ತಕ್ಕಮಟ್ಟಿನ ಆಧಾರವಿದೆ, ಗ್ಲುಕೋಸಮಿನ್‌ಗೆ ಆಧಾರ ದುರ್ಬಲ, ಅರಿಶಿನ ಕರುಳಿನಲ್ಲಿ ಹೀರಲ್ಪಡುವುದೇ ಕಡಿಮೆ. ಕಾಡ್ ಲಿವರ್ ಎಣ್ಣೆಯನ್ನು ಮೀನೆಣ್ಣೆಯೆಂದು ಧಾರಾಳವಾಗಿ ಸುರಿದರೆ ಎ ಮತ್ತು ಡಿ ವಿಟಮಿನ್‌ಗಳು ಮಿತಿಮೀರುತ್ತವೆ. ಮನುಷ್ಯರ ನೋವಿನ ಮುಲಾಮನ್ನು ಹಚ್ಚಿದರೆ ನಾಯಿ ಅದನ್ನು ನೆಕ್ಕಿ ನುಂಗುತ್ತದೆ. ಅದರಲ್ಲಿನ ಕರ್ಪೂರವೂ ಮಿಥೈಲ್ ಸ್ಯಾಲಿಸಿಲೇಟೂ ವಿಷಕಾರಿ.

ಚಿಕಿತ್ಸೆ ಫಲಿಸುತ್ತಿದೆಯೇ ಎಂಬುದನ್ನು ಅಂದಾಜಿನಿಂದ ತೀರ್ಮಾನಿಸದೆ, ಆ ನಾಯಿಗೆ ಕಷ್ಟವಾಗುತ್ತಿದ್ದ ಮೂರು ಕೆಲಸಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು: ಬೆಳಿಗ್ಗೆ ಏಳುವುದು, ಮೂರು ಮೆಟ್ಟಿಲು ಹತ್ತುವುದು, ಮೂತ್ರಕ್ಕೆ ಕಾಲೆತ್ತಿ ನಿಲ್ಲುವುದು, ಹೀಗೆ. ವಾರಕ್ಕೊಮ್ಮೆ ಅವೇ ಮೂರಕ್ಕೆ ಅಂಕ ಕೊಟ್ಟು, ತಿಂಗಳಿಗೊಮ್ಮೆ ತೂಕ ಬರೆದು, ಅದೇ ಜಾಗದಲ್ಲಿ ಅದೇ ಕೋನದಿಂದ ವಿಡಿಯೊ ತೆಗೆದರೆ ಔಷಧಿಯ ಪ್ರಮಾಣ ತಗ್ಗಿಸಬೇಕೇ, ಏರಿಸಬೇಕೇ ಎಂಬುದನ್ನು ನಿರ್ಧರಿಸಲು ವೈದ್ಯರಿಗೆ ಆಧಾರ ಸಿಗುತ್ತದೆ. ಉರಿಯೂತ ಶಾಮಕ ಪಡೆಯುತ್ತಿರುವ ನಾಯಿ ವಾಂತಿ ಮಾಡಿದರೆ, ಊಟ ಬಿಟ್ಟರೆ, ಅಥವಾ ಅದರ ಮಲ ಡಾಂಬರಿನಂತೆ ಕಪ್ಪಾದರೆ, ಮುಂದಿನ ಮಾತ್ರೆಯನ್ನು ತಡೆಹಿಡಿದು ಅದೇ ದಿನ ವೈದ್ಯರನ್ನು ಕಾಣಬೇಕು.