ನಾಳೆ ನಿಂತು ಹಿಂದೆ ನೋಡುವ ಫ್ರೆಂಚ್ ಕ್ರಿಯಾಪದ

ಮೀಟಿಂಗ್ ಶುರುವಾಗಿದೆ, ಒಬ್ಬ ಮಾತ್ರ ಬಂದಿಲ್ಲ. ಫೋನೂ ಎತ್ತುತ್ತಿಲ್ಲ. ಪ್ಯಾರಿಸ್ಸಿನ ಆಫೀಸಾದರೆ ಯಾರಾದರೂ ಹೀಗೆ ಹೇಳಬಹುದು: ‘ಇಲ್ ಒರಾ ಉಬ್ಲಿಯೆ.’ ಅವನು ಮರೆತಿರುತ್ತಾನೆ ಅಂತ ಅರ್ಥ. ಮರೆತದ್ದು ಆಗಲೇ ನಡೆದುಹೋದ ವಿಷಯ. ಆದರೆ ವ್ಯಾಕರಣದ ಪುಸ್ತಕದಲ್ಲಿ ಈ ರೂಪ ಸಿಗುವುದು ಭವಿಷ್ಯತ್ ಕಾಲದ ಪಾಠದಲ್ಲಿ. ಅದರ ಹೆಸರು ‘ಫ್ಯುತ್ಯುರ್ ಆಂತೇರಿಯೊರ್’, ಅಂದರೆ ಮುಂಚಿನ ಭವಿಷ್ಯ. ಆಗಿಹೋದದ್ದನ್ನು ಹೇಳಲು ಮುಂದಿನ ಕಾಲ ಯಾಕೆ ಬೇಕು?

ಕನ್ನಡದವರು ಒಂದು ಕ್ಷಣ ಯೋಚಿಸಿದರೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ನಾವೂ ‘ಮರೆತಿರ್ತಾನೆ ಬಿಡಿ’ ಅಂತಲೇ ಹೇಳೋದು, ಅಲ್ವಾ? ಅದೇ ರೂಪವನ್ನು ‘ನಾಳೆ ಇಷ್ಟು ಹೊತ್ತಿಗೆ ಊರು ತಲುಪಿರ್ತೀನಿ’ ಅನ್ನುವಾಗಲೂ ಬಳಸುತ್ತೇವೆ. ಒಂದರಲ್ಲಿ ನಿನ್ನೆಯ ಊಹೆ, ಇನ್ನೊಂದರಲ್ಲಿ ನಾಳೆಯ ಲೆಕ್ಕ. ನಮ್ಮಲ್ಲಿ ಫ್ರೆಂಚ್ ಕಲಿಯುವವರು ಸಾಮಾನ್ಯವಾಗಿ ಇಂಗ್ಲಿಷ್ ಮೂಲಕವೇ ಕಲಿಯುತ್ತಾರೆ. ಈ ಒಂದು ಕಾಲರೂಪಕ್ಕಂತೂ ಕನ್ನಡದ ದಾರಿಯೇ ಹತ್ತಿರದ್ದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಕಟ್ಟುವ ಕ್ರಮ ಕಷ್ಟವಲ್ಲ. ಎರಡು ತುಂಡು ಸಾಕು. ಒಂದು ಸಹಾಯಕ ಕ್ರಿಯಾಪದ, ಅದು ಭವಿಷ್ಯತ್ ರೂಪದಲ್ಲಿರಬೇಕು. ಇನ್ನೊಂದು ಮುಖ್ಯ ಕ್ರಿಯಾಪದ, ಅದು ಮುಗಿದ ಕೆಲಸವನ್ನು ಹೇಳುವ ರೂಪದಲ್ಲಿರಬೇಕು. ‘ಝೊರೆ ಫಿನಿ’ ಅಂದರೆ ಮುಗಿಸಿರುತ್ತೇನೆ. ನಮ್ಮ ‘ಮುಗಿಸಿ’ ಮತ್ತು ‘ಇರುತ್ತೇನೆ’ ಅಲ್ಲಿ ಹಿಂದುಮುಂದಾಗಿ ಬರುತ್ತವೆ, ಅಷ್ಟೇ. ಪಾರ್ಲೆ (ಮಾತಾಡಿ), ಫೆ (ಮಾಡಿ), ವ್ಯು (ನೋಡಿ), ಪ್ರಿ (ತೆಗೆದುಕೊಂಡು), ಇವೆಲ್ಲ ಎರಡನೇ ತುಂಡುಗಳು. ಕೆಲವು ನಿಯಮಕ್ಕೆ ಸಿಗುತ್ತವೆ, ಕೆಲವನ್ನು ಬಾಯಿಪಾಠ ಮಾಡಲೇಬೇಕು.

ತೊಡಕು ಮೊದಲ ತುಂಡಿನಲ್ಲಿದೆ. ಕನ್ನಡಕ್ಕೆ ‘ಇರು’ ಒಂದೇ ಸಾಕು. ನಮ್ಮಲ್ಲಿ ಹೊಂದಿರುವುದಕ್ಕೂ ‘ನನಗೆ ಇಬ್ಬರು ತಂಗಿಯರು ಇದ್ದಾರೆ’ ಅನ್ನುತ್ತೇವೆ. ಫ್ರೆಂಚಿನಲ್ಲಿ ಎರಡು ಸಹಾಯಕಗಳಿವೆ. ‘ಅವ್ವಾರ್’ ಹೊಂದುವುದಕ್ಕೆ, ‘ಎತ್ರ್’ ಇರುವುದಕ್ಕೆ. ಬಹುಪಾಲು ಕ್ರಿಯಾಪದಗಳು ಅವ್ವಾರ್ ಜೊತೆ ಹೋಗುತ್ತವೆ. ಹೋಗು, ಬರು, ಹೊರಡು, ತಲುಪು, ಹುಟ್ಟು, ಸಾಯು ಇಂಥ ಕೆಲವು ಎತ್ರ್ ಕಡೆ. ಏಳುವುದು, ಸ್ನಾನ ಮಾಡಿಕೊಳ್ಳುವುದು ಮುಂತಾಗಿ ಮಾಡುವವರ ಮೇಲೇ ತಿರುಗುವ ಕೆಲಸಗಳೂ ಅಲ್ಲಿಗೇ. ಎತ್ರ್ ಬಂದರೆ ಸಾಮಾನ್ಯವಾಗಿ ಎರಡನೇ ತುಂಡು ಕರ್ತೃವಿನ ಲಿಂಗ, ವಚನವನ್ನು ಅನುಸರಿಸಬೇಕು. ‘ಇಲ್ ಸರಾ ಪಾರ್ತಿ’ ಅಂದರೆ ಅವನು ಹೊರಟಿರುತ್ತಾನೆ. ‘ಎಲ್ ಸರಾ ಪಾರ್ತಿ’ ಅಂದರೆ ಅವಳು ಹೊರಟಿರುತ್ತಾಳೆ. ‘ಪಾರ್ತಿ’ ಕಿವಿಗೆ ಎರಡರಲ್ಲೂ ಒಂದೇ. ಬರೆಯುವಾಗ ಮಾತ್ರ ಹೆಣ್ಣಿಗೆ ಕೊನೆಯಲ್ಲಿ ಒಂದು ‘ಇ’ ಅಕ್ಷರ ಸೇರುತ್ತದೆ.

ಇನ್ನು ಅವ್ವಾರ್‌ನ ಭವಿಷ್ಯತ್ ರೂಪವಾದ ‘ಝೊರೆ’ ಅನ್ನುವುದರ ಒಳಗೇ ಒಂದು ಹಳೆಯ ಕಥೆ ಇದೆ. ಫ್ರೆಂಚಿನ ತಾಯಿಯಾದ ಲ್ಯಾಟಿನ್ನಿಗೆ ತನ್ನದೇ ಭವಿಷ್ಯತ್ ಕಾಲವಿತ್ತು. ‘ಅಮಾಬಿತ್’ ಅಂದರೆ ಪ್ರೀತಿಸುತ್ತಾನೆ, ‘ಅಮಾವಿತ್’ ಅಂದರೆ ಪ್ರೀತಿಸಿದನು. ಜನರ ಬಾಯಲ್ಲಿ ಸ್ವರಗಳ ನಡುವಿನ ‘ಬ’ ಮತ್ತು ‘ವ’ ಒಂದೇ ಆಗುತ್ತಾ ಬಂದವು. ಹಿಂದಿನದ್ದಕ್ಕೂ ಮುಂದಿನದ್ದಕ್ಕೂ ವ್ಯತ್ಯಾಸವೇ ಕೇಳಿಸದ ಸ್ಥಿತಿ. ಹಳೆಯ ಭವಿಷ್ಯತ್ ರೂಪ ಬಿದ್ದುಹೋಗಲು ಇದೂ ಒಂದು ಕಾರಣ. ಅದರ ಜಾಗಕ್ಕೆ ಬಂದದ್ದು ‘ಕಂತಾರೆ ಹಾಬೆಯೊ’, ಅಂದರೆ ‘ನನಗೆ ಹಾಡುವುದಿದೆ’ ಎಂಬಂಥ ಮಾತು. ಇದರಲ್ಲಿನ ‘ಹಾಬೆಯೊ’ ಹೊಂದುವುದನ್ನು ಹೇಳುವ ಪದ, ಅವ್ವಾರ್‌ನ ಮೂಲ ಅದೇ. ಎರಡು ಪದಗಳು ಸವೆದು ಸವೆದು ಒಂದಕ್ಕೊಂದು ಅಂಟಿಕೊಂಡವು. 842ರ ಸ್ಟ್ರಾಸ್‌ಬರ್ಗ್ ಪ್ರಮಾಣವಚನ ಫ್ರೆಂಚಿನ ಅತಿ ಹಳೆಯ ಬರಹ ಅಂತ ಹೆಸರಾದದ್ದು. ಅದರಲ್ಲಿ ಆಗಲೇ ‘ಸಲ್ವರಾಯ್’ (ಕಾಪಾಡುತ್ತೇನೆ) ಅನ್ನುವ ಅಂಟಿದ ರೂಪ ಇದೆ. ಇವತ್ತಿನ ಫ್ರೆಂಚ್ ಭವಿಷ್ಯತ್ ಪ್ರತ್ಯಯಗಳನ್ನು ಅವ್ವಾರ್‌ನ ವರ್ತಮಾನ ರೂಪಗಳ ಪಕ್ಕ ಇಟ್ಟು ನೋಡಿ. ಬಾಲ ಒಂದೇ. ಹಾಗಾಗಿ ‘ಝೊರೆ ಫಿನಿ’ಯಲ್ಲಿ ‘ಹೊಂದು’ ಎರಡು ಸಲ ಕೂತಿದೆ. ಒಂದು ಸಹಾಯಕವಾಗಿ, ಇನ್ನೊಂದು ಅದೇ ಸಹಾಯಕದ ಬಾಲವಾಗಿ.

ಈ ರೂಪ ಹೇಳುವುದಾದರೂ ಏನನ್ನು? 1660ರಲ್ಲಿ ಪೋರ್-ರೊಯಾಲ್ ಮಠದ ವಲಯದ ಅರ್ನೋ ಮತ್ತು ಲಾನ್ಸ್‌ಲೋ ತಮ್ಮ ವ್ಯಾಕರಣದಲ್ಲಿ ಇದನ್ನು ರಾತ್ರಿ ಊಟದ ಉದಾಹರಣೆಯಿಂದ ಬಿಡಿಸಿದರು. ‘ನನ್ನ ಊಟ ಆದ ಮೇಲೆ ಅವನು ಒಳಗೆ ಬರುತ್ತಾನೆ.’ ಊಟ ಇನ್ನೂ ಆಗಿಲ್ಲ, ಅವನೂ ಇನ್ನೂ ಬಂದಿಲ್ಲ. ಆದರೆ ಅವನು ಬರುವ ಹೊತ್ತಿಗೆ ಊಟ ಕಳೆದುಹೋಗಿರುತ್ತದೆ. ತನ್ನ ಮಟ್ಟಿಗೆ ಭವಿಷ್ಯ, ಇನ್ನೊಂದರ ಮಟ್ಟಿಗೆ ಭೂತ. ಮುನ್ನೂರೈವತ್ತು ವರ್ಷ ಕಳೆದರೂ ಇದಕ್ಕಿಂತ ತಿಳಿಯಾದ ವಿವರಣೆ ನನಗೆ ಸಿಕ್ಕಿಲ್ಲ. ಇಲ್ಲಿ ಕನ್ನಡದ ‘ಆದ’ವನ್ನೂ ಗಮನಿಸಿ. ಆಗದ ಊಟಕ್ಕೆ ನಾವು ಭೂತಕಾಲದ ರೂಪ ಹಾಕಿದ್ದೇವೆ. ‘ಯಾವುದು ಮೊದಲು’ ಅನ್ನುವುದಷ್ಟೇ ಅಲ್ಲಿ ಮುಖ್ಯ. ಫ್ರೆಂಚಿಗೆ ಅಷ್ಟು ಸಾಲದು. ಮೊದಲು ಅನ್ನುವುದನ್ನೂ ಹೇಳಬೇಕು, ಮುಂದೆ ಅನ್ನುವುದನ್ನೂ ಹೇಳಬೇಕು.

1947ರಲ್ಲಿ ತತ್ವಶಾಸ್ತ್ರಜ್ಞ ಹಾನ್ಸ್ ರೈಶನ್‌ಬಾಖ್ ಇದನ್ನೇ ಮೂರು ಬಿಂದುಗಳಿಗೆ ಇಳಿಸಿದರು. ಮಾತಾಡುವ ಕ್ಷಣ ಒಂದು, ಘಟನೆ ನಡೆಯುವ ಕ್ಷಣ ಇನ್ನೊಂದು. ಎಲ್ಲಿ ನಿಂತು ಘಟನೆಯನ್ನು ನೋಡುತ್ತೇವೋ ಆ ಕ್ಷಣ ಮೂರನೆಯದು. ನಮ್ಮ ರೂಪದಲ್ಲಿ ನೋಡುವ ಕ್ಷಣ ಮಾತಿನ ಕ್ಷಣಕ್ಕಿಂತ ಮುಂದಿದೆ, ಘಟನೆ ನೋಡುವ ಕ್ಷಣಕ್ಕಿಂತ ಹಿಂದಿದೆ. ಹಾಗಾದರೆ ಘಟನೆ ಈ ಹೊತ್ತಿಗಿಂತ ಹಿಂದೋ ಮುಂದೋ? ಅದನ್ನು ಈ ರೂಪ ಹೇಳುವುದೇ ಇಲ್ಲ! ‘ನಾಳೆ ಹತ್ತು ಗಂಟೆಗೆ ಅವರು ಹೊರಟಿರುತ್ತಾರೆ’ ಅನ್ನಿ. ಅವರು ಇವತ್ತು ರಾತ್ರಿ ಹೊರಡಬಹುದು. ನೀವು ಇದನ್ನು ಹೇಳುತ್ತಿರುವಾಗಲೇ ಹೊರಡುತ್ತಿರಬಹುದು. ನಿಮಗೆ ತಿಳಿಯದಂತೆ ನಿನ್ನೆಯೇ ಹೊರಟಿರಲೂಬಹುದು. ಮೂರರಲ್ಲಿ ಯಾವುದೇ ಆದರೂ ಮಾತು ನಿಜವೇ.

ಊಹೆಗೆ ಜಾಗ ಸಿಗುವುದು ಇಲ್ಲಿಯೇ. ಘಟನೆ ಹಿಂದೆ ನಡೆದಿದ್ದರೂ ಪರವಾಗಿಲ್ಲ ಅಂದಮೇಲೆ, ಮುಂದೆ ಇಡುವುದು ಏನನ್ನು? ಅದು ಗೊತ್ತಾಗುವ ಹೊತ್ತನ್ನು. ‘ಇಲ್ ಒರಾ ಉಬ್ಲಿಯೆ’ ಅಂದರೆ, ಮುಂದೆ ವಿಚಾರಿಸಿದಾಗ ಅವನು ಮರೆತದ್ದು ನಿಜ ಅಂತ ತಿಳಿಯುತ್ತದೆ, ಹಾಗಂತ ಈಗಲೇ ಹೇಳುತ್ತಿದ್ದೇನೆ. ಭಾಷಾಶಾಸ್ತ್ರದಲ್ಲಿ ಕೆಲವರು ಕೊಡುವ ವಿವರಣೆ ಇದು. ಇನ್ನು ಕೆಲವರು, ಭವಿಷ್ಯತ್ ರೂಪವೇ ಮೂಲದಲ್ಲಿ ಖಚಿತವಲ್ಲದ್ದನ್ನು ಹೇಳುವ ರೂಪ, ಕಾಲ ಆಮೇಲಿನದು ಅನ್ನುತ್ತಾರೆ. ನನಗೆ ಮೊದಲನೆಯದೇ ಹೆಚ್ಚು ಒಪ್ಪಿಗೆ. ಏನೇ ಇರಲಿ, ಈ ಊಹೆಯ ರೂಪದ ಜೊತೆ ಫ್ರೆಂಚಿನಲ್ಲಿ ‘ಇಯೆರ್’, ಅಂದರೆ ‘ನಿನ್ನೆ’ ಧಾರಾಳವಾಗಿ ಬರುತ್ತದೆ. ನಾವೂ ‘ನಿನ್ನೆ ಮಳೇಲಿ ನೆನೆದಿರ್ತಾನೆ, ಅದಕ್ಕೇ ಶೀತ’ ಅನ್ನುತ್ತೇವೆ. ಇಟಾಲಿಯನ್, ಸ್ಪ್ಯಾನಿಷ್, ಜರ್ಮನ್ ಭಾಷೆಗಳಲ್ಲೂ ಇದೇ ಬಳಕೆ ಇದೆ. ಅವೆಲ್ಲ ಫ್ರೆಂಚಿನ ನೆಂಟರು, ಸರಿ. ಕನ್ನಡಕ್ಕೂ ಅವಕ್ಕೂ ಕುಲದ ಸಂಬಂಧವೇ ಇಲ್ಲ. ಆದರೂ ಇಬ್ಬರೂ ಇದೇ ದಾರಿ ಹಿಡಿದಿದ್ದಾರೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಡುವ ಸಂಗತಿ ಇದು.

ಮಾತಿನಲ್ಲಿ ಫ್ರೆಂಚರು ‘ಇಲ್ ಆ ದ್ಯು ಉಬ್ಲಿಯೆ’ ಅಂತಲೂ ಹೇಳುತ್ತಾರೆ. ಅದು ನಮ್ಮ ‘ಮರೆತಿರಬೇಕು’. ಅಲ್ಲಿಯೂ ‘ಬೇಕು’ ಅನ್ನುವ ಅರ್ಥದ ಕ್ರಿಯಾಪದವೇ ಇರುವುದು.

ಪರೀಕ್ಷೆಯಲ್ಲಿ ಅಂಕ ಹೋಗುವುದು ಮಾತ್ರ ಬೇರೆ ಕಡೆ. ‘ಮುಗಿಸಿದಾಗ ಫೋನ್ ಮಾಡ್ತೀನಿ’ ಅನ್ನಲು ಫ್ರೆಂಚಿನಲ್ಲಿ ‘ಕಾಂ ಝೊರೆ ಫಿನಿ, ಝ ತಾಪೆಲ್‌ರೆ’ ಅನ್ನಬೇಕು. ‘ಕಾಂ’ ಅಂದರೆ ಯಾವಾಗ, ಆಗ. ಅದರ ನಂತರ ಇನ್ನೂ ಆಗಬೇಕಾದ ಕೆಲಸ ಬಂದರೆ ಭವಿಷ್ಯತ್ ರೂಪವೇ ಬೇಕು. ಇಂಗ್ಲಿಷಿನಲ್ಲಿ ಆ ಜಾಗದಲ್ಲಿ ಭವಿಷ್ಯತ್ ಹಾಕಿದರೆ ತಪ್ಪು. ಹಾಗಾಗಿ ಇಂಗ್ಲಿಷ್ ಮೂಲಕ ಬಂದವರು ಇಲ್ಲಿ ವರ್ತಮಾನ ಹಾಕಿಬಿಡುತ್ತಾರೆ. ‘ದೆ ಕ’ (ಆದ ಕೂಡಲೇ), ‘ಆಪ್ರೆ ಕ’ (ಆದ ಮೇಲೆ) ಇವುಗಳಿಗೂ ಇದೇ ನಿಯಮ. ಆದರೆ ‘ಸಿ’, ಅಂದರೆ ‘ಒಂದು ವೇಳೆ’ ಇದ್ದರೆ ಈ ರೂಪ ಬರಕೂಡದು. ‘ಸಿ ತ್ಯು ಆ ಫಿನಿ’ (ನೀನು ಮುಗಿಸಿದ್ದರೆ) ಅಂತಲೇ ಹೇಳಬೇಕು. ‘ಆಪ್ರೆ ಕ’ ಬಂದಾಗ ಬಹಳಷ್ಟು ಫ್ರೆಂಚರೇ ಸಂಶಯವನ್ನು ಸೂಚಿಸುವ ಬೇರೊಂದು ಕ್ರಿಯಾರೂಪವನ್ನು ಬಳಸುತ್ತಾರೆ, ಭಾಷೆಯ ಸರಿತಪ್ಪು ಹೇಳುವ ಸಂಸ್ಥೆಯಾದ ಫ್ರೆಂಚ್ ಅಕಾಡೆಮಿ ಅದನ್ನು ಒಪ್ಪುವುದಿಲ್ಲ. ಕಲಿಯುವವರು ಸುಮ್ನೆ ಅಕಾಡೆಮಿಯ ಮಾತು ಕೇಳುವುದೇ ಕ್ಷೇಮ.

ಇನ್ನೊಂದು ಎಚ್ಚರಿಕೆ ಕಿವಿಗೆ. ‘ಮುಗಿಸಿರುತ್ತೇನೆ’ ಮತ್ತು ‘ಮುಗಿಸಿರುತ್ತಿದ್ದೆ’, ಇವೆರಡೂ ಫ್ರೆಂಚಿನಲ್ಲಿ ಅನೇಕರ ಬಾಯಲ್ಲಿ ಒಂದೇ ಥರ ಕೇಳುತ್ತವೆ. ಬರಹದಲ್ಲಿ ಎರಡನೆಯದಕ್ಕೆ ಕೊನೆಯಲ್ಲಿ ಒಂದು ‘ಎಸ್’ ಜಾಸ್ತಿ, ಅಷ್ಟೇ. ಕೇಳುವಾಗ ಸುತ್ತಲಿನ ಮಾತೇ ದಾರಿ ತೋರಿಸಬೇಕು.

ಕನ್ನಡದ ನೆರವು ಕೈಕೊಡುವ ಒಂದು ಬಳಕೆಯೂ ಇದೆ. ದೊಡ್ಡವರೊಬ್ಬರು ತೀರಿಕೊಂಡ ಮರುದಿನ ಫ್ರೆಂಚ್ ಪತ್ರಿಕೆಯಲ್ಲಿ ‘ಇಲ್ ಒರಾ ಮಾರ್ಕೆ ಸೊಂ ಸಿಯೆಕ್ಲ್’ ಅಂತ ಬರೆಯುತ್ತಾರೆ. ಅವರು ತಮ್ಮ ಶತಮಾನದ ಮೇಲೆ ಗುರುತು ಬಿಟ್ಟು ಹೋದರು ಅಂತ ಅರ್ಥ. ಗಡುವು ಇಲ್ಲ, ಊಹೆಯೂ ಇಲ್ಲ. ಎಲ್ಲ ಮುಗಿದಿದೆ. ಬರೆಯುವವರು ಮುಂದಿನ ಕಾಲದಲ್ಲಿ ನಿಂತು ಇಡೀ ಬದುಕಿನ ಲೆಕ್ಕ ಹಾಕುತ್ತಿದ್ದಾರೆ. ವ್ಯಾಕರಣಕಾರರು ಇದನ್ನು ‘ಬಿಲಾಂ’, ಅಂದರೆ ಲೆಕ್ಕಾಚಾರದ ಬಳಕೆ ಅನ್ನುತ್ತಾರೆ. ಮುಗಿದ ಪಂದ್ಯದ ವರದಿಯಲ್ಲೂ ಇದು ಬರುತ್ತದೆ. ಕನ್ನಡದಲ್ಲಿ ‘ಗುರುತು ಬಿಟ್ಟಿರುತ್ತಾರೆ’ ಅಂದರೆ ಅದು ಊಹೆಯಾಗಿಬಿಡುತ್ತದೆ, ಗೌರವ ಉಳಿಯುವುದಿಲ್ಲ. ಆದ್ದರಿಂದ ಓದುವಾಗ ಮೊದಲು ವಾಕ್ಯದಲ್ಲಿ ಗಡುವೋ ‘ಕಾಂ’ನಂಥ ಪದವೋ ಇದೆಯೇ ನೋಡಿ. ಇಲ್ಲದಿದ್ದರೆ, ಸುದ್ದಿ ಆಗಲೇ ಖಚಿತವಾಗಿದ್ದರೆ, ಅದನ್ನು ನೇರವಾಗಿ ಭೂತಕಾಲಕ್ಕೆ ತನ್ನಿ.